ಫೈನಲ್ ದಿನದ ಐದೂವರೆ ಬಸ್ಸು

ಮೊನ್ನೆ ನಾನು ಪಾಠ ಹೇಳುವ ಶಾಲೆಯಲ್ಲಿ ಕ್ರೀಡಾಕೂಟಕ್ಕೆ ಗೆರೆ ಎಳೆಯಲು ಸುಣ್ಣದ ಪುಡಿಯ ಚೀಲ ಬಿಚ್ಚಿದರು. ರಾತ್ರಿ ಬಿದ್ದ ಮಳೆಗೆ ಮೈದಾನ ಹಸಿಯಾಗಿತ್ತು. ಒದ್ದೆ ನೆಲಕ್ಕೆ ಸುಣ್ಣ ಬಿದ್ದಾಗ ಮೂಗಿಗೆ ಅಡರುವ ಆ ವಾಸನೆಗೆ ನಾನು ನಿಂತಲ್ಲೇ ನಿಂತುಬಿಟ್ಟೆ. ಕಂಡಕ್ಟರ್ ಮಾಮ ನೆನಪಾದರು. ಖಾಕಿ ಪ್ಯಾಂಟನ್ನು ಮೊಣಕಾಲವರೆಗೆ ಮಡಚಿಕೊಂಡು, ಕೊಯ್ಲಾದ ಗದ್ದೆಯ ಕೂಳೆಗಳ ನಡುವೆ ಬಗ್ಗಿ ಬಗ್ಗಿ ಸುಣ್ಣದ ಗೆರೆ ಎಳೆಯುತ್ತಿದ್ದ ಮನುಷ್ಯ. ಬೇರೆ ಯಾರು ಎಳೆದರೂ ಅವರಿಗೆ ಸಮಾಧಾನವಿರಲಿಲ್ಲ.

ಅದೇ ವಾರ ಟಿವಿಯಲ್ಲಿ ಒಂದು ಸುದ್ದಿ ಬಂದಿತ್ತು. ಯಾವುದೋ ದೇಶದ ದೊಡ್ಡ ಫುಟ್‌ಬಾಲ್ ಆಟಗಾರ, ಎದುರಾಳಿಗೆ ಹೊಡೆದು ಕೆಂಪು ಕಾರ್ಡ್ ತಿಂದವನು. ಅವನನ್ನು ಮುಂದಿನ ಪಂದ್ಯಗಳಿಂದ ಹೊರಗಿಟ್ಟಿದ್ದರು. ದೊಡ್ಡ ಪಂದ್ಯ ಹತ್ತಿರವಾದಾಗ ಯಾವುದೋ ಸಮಿತಿ ಕೂತು ಆ ಶಿಕ್ಷೆಯನ್ನೇ ತೆಗೆದುಹಾಕಿತಂತೆ. ನನ್ನ ಗಂಡ, “ಎಂಥಾ ಜನ ಮಾರಾಯ್ತಿ!” ಎಂದು ನಕ್ಕರು. ನನಗೆ ನಗು ಬರಲಿಲ್ಲ, ಮೈ ಉರಿಯಿತು. ಇದನ್ನು ನಾನು ಟಿವಿಯಲ್ಲಿ ನೋಡಬೇಕಾಗಿರಲಿಲ್ಲ. ನಮ್ಮೂರ ಗದ್ದೆಯಲ್ಲೇ ನೋಡಿದ್ದೆ.

ನಮ್ಮೂರು ಹೆತ್ತೂರು ದಾಟಿ ಬಿಸಿಲೆ ಕಡೆಗೆ ಹೋಗುವಾಗ ಒಳಕ್ಕೆ ತಿರುಗಿದರೆ ಸಿಗುತ್ತದೆ. ಸಕಲೇಶಪುರದಿಂದ ಮಧ್ಯಾಹ್ನ ಬರುತ್ತಿದ್ದ ಕೆಂಪು ಬಸ್ಸು ಮೂರು ಗಂಟೆಗೆ ಊರ ಅರಳಿಕಟ್ಟೆಯ ಹತ್ತಿರ ನಿಂತರೆ, ವಾಪಸ್ ಹೊರಡುವುದು ಐದೂವರೆಗೆ. ಡ್ರೈವರ್ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಗೊರಕೆ ಹೊಡೆಯುತ್ತಿದ್ದ. ಕಂಡಕ್ಟರ್ ಮಾಮ ಮಾತ್ರ ಗದ್ದೆಗೆ ಇಳಿಯುತ್ತಿದ್ದರು. ಹಾಗಾಗಿ ನಮ್ಮೂರಿನ ಫುಟ್‌ಬಾಲ್ ಪಂದ್ಯಗಳೆಲ್ಲ ಬಸ್ಸು ಬಂದ ಮೇಲೆಯೇ ಶುರುವಾಗುತ್ತಿದ್ದವು. ಘಾಟಿಯಲ್ಲಿ ಮರ ಬಿದ್ದು ಬಸ್ಸು ನಿಂತರೆ ಆವತ್ತು ಪಂದ್ಯವೂ ಇಲ್ಲ.

ಅವರನ್ನೇ ಯಾಕೆ ರೆಫರಿ ಮಾಡಿದರು ಅಂದರೆ, ವಿಸಲ್ ಇದ್ದದ್ದು ಅವರ ಹತ್ತಿರ ಎನ್ನುತ್ತಿದ್ದರು. ನಿಜವಾದ ಕಾರಣ ಬೇರೆ. ಅವರು ಆಲೂರು ಕಡೆಯವರು, ನಮ್ಮ ಸುತ್ತಿನ ಯಾವ ಎಸ್ಟೇಟಿನ ಹಂಗಿನಲ್ಲೂ ಇರಲಿಲ್ಲ. ಹಾಗಂತ ರೂಲ್ಸನ್ನೆಲ್ಲ ಅರೆದು ಕುಡಿದವರೂ ಅಲ್ಲ, ಆಫ್‌ಸೈಡ್ ಅಂದರೆ ತಲೆ ಕೆರೆದುಕೊಳ್ಳುತ್ತಿದ್ದರು. ಒಂದು ವರ್ಷ ಗೆರೆ ದಾಟದ ಚೆಂಡಿಗೆ ಗೋಲು ಕೊಟ್ಟುಬಿಟ್ಟರು. ಮರುದಿನ ಬಸ್ಸಿನಲ್ಲಿ ಸೋತ ಹುಡುಗರ ಎದುರು ಬಂದು ನಿಂತು, “ನೆನ್ನೆ ಅದು ಗೋಲ್ ಆಗಿರ್ಲಿಲ್ಲ ಕಣ್ರಪ್ಪ. ನಂಗೆ ಧೂಳು ಕಾಣ್ತು, ಚೆಂಡು ಕಾಣ್ಲಿಲ್ಲ. ತಪ್ಪು ನಂದೇಯ,” ಎಂದರು. ಹುಡುಗರು ಟಿಕೆಟ್ ತೆಗೆದುಕೊಂಡರು.

ಆಗ ನಾನು ಸಕಲೇಶಪುರದಲ್ಲಿ ಪಿಯುಸಿ ಓದುತ್ತಿದ್ದೆ. ಆ ಮಳೆಗಾಲದಲ್ಲಿ ಜಪಾನ್, ಕೊರಿಯಾಗಳಲ್ಲಿ ವಿಶ್ವಕಪ್ ನಡೆದಿತ್ತು. ಆಟ ಹಗಲು ಹೊತ್ತಿನಲ್ಲೇ ಬರುತ್ತಿದ್ದುದರಿಂದ ಕರೆಂಟಿದ್ದ ಮನೆಗಳಲ್ಲೆಲ್ಲ ಜನ. ಮಾರನೆಯ ದಿನ ಬಸ್ಸಿನ ತುಂಬ ರೆಫರಿಗಳಿಗೆ ಬೈಗುಳ. ಒಬ್ಬ ಗೋಲು ಕೊಡಲಿಲ್ಲವಂತೆ, ಇನ್ನೊಬ್ಬ ಸುಮ್ಮಸುಮ್ಮನೆ ಆಟಗಾರನನ್ನು ಹೊರಗೆ ಹಾಕಿದನಂತೆ.

“ದುಡ್ಡು ತಿಂದವ್ನೆ ಕಣ್ರೀ ಅವ್ನು. ನ್ಯಾಯ ಅನ್ನಾದು ಬ್ಯಾಡ್ವಾ?” ಎಂದು ದೊಡ್ಡ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಮುಂದಿನ ಸೀಟಿನಿಂದ ಕೂಗುತ್ತಿದ್ದ. ಕಂಡಕ್ಟರ್ ಮಾಮ ಹೇಳುತ್ತಿದ್ದದ್ದು ಇಷ್ಟೇ: “ನಿಮಗೆ ಟಿವೀಲಿ ಹತ್ಸಲ ತಿರುಗ್ಸಿ ತೋರುಸ್ತಾರೆ. ಅಲ್ಲಿ ನಿಂತೋನಿಗೆ ಒಂದೇ ಸಲ ಕಾಣಾದು. ಟಿಕೆಟ್ ತಗಳಿ.”

ಈ ರೈಟರನನ್ನು ನೀವು ಮರೆಯಬೇಡಿ. ನಾನಂತೂ ಮರೆತಿಲ್ಲ.

ಗದ್ದೆ ಕೊಯ್ಲು ಮುಗಿದು, ಕಾಫಿ ಹಣ್ಣಿನ ಕೆಲಸವೂ ಮುಗಿಯುತ್ತ ಬಂದಾಗ ನಮ್ಮೂರ ಟೂರ್ನಮೆಂಟ್. ಕಪ್ ಕೊಡುವವರು ದೊಡ್ಡ ಎಸ್ಟೇಟಿನ ಸಾಹುಕಾರರು, ಕಮಿಟಿಯ ಅಧ್ಯಕ್ಷರೂ ಅವರೇ. ಆಟದಿಂದ ಹೊರಗೆ ಹಾಕಿಸಿಕೊಂಡವನು ಮುಂದಿನ ಪಂದ್ಯವನ್ನೂ ಆಡುವಂತಿಲ್ಲ ಎಂದು ಮೈಕಿನಲ್ಲಿ ಸಾರಿದವರೂ ಅವರ ಕಮಿಟಿಯವರೇ.

ಸೆಮಿಫೈನಲ್ ಆ ಎಸ್ಟೇಟಿಗೂ ನಮ್ಮೂರ ಹುಡುಗರಿಗೂ. ನಮ್ಮ ತಂಡದಲ್ಲಿ ಚೆನ್ನಾಗಿ ಓಡುತ್ತಿದ್ದ ಹುಡುಗನೊಬ್ಬನಿದ್ದ. ಅವನ ಅಪ್ಪ ಸಾಹುಕಾರರ ಕಣದಲ್ಲಿ ಕಾಫಿ ಒಣಗಿಸುವ ಆಳು. ಹುಡುಗ ಬರಿಗಾಲಲ್ಲಿ ಆಡುತ್ತಿದ್ದ. ಸಾಹುಕಾರರ ಮಗ ಹೊರಗೆಲ್ಲೋ ಓದುತ್ತಿದ್ದವನು, ಅಡಿಯಲ್ಲಿ ಮೊಳೆಯಂಥ ಗುಬಟುಗಳಿರುವ ಬೂಟು ಹಾಕಿಕೊಂಡು ಬಂದಿದ್ದ. ಎರಡು ಸಲ ಈ ಹುಡುಗ ಅವನ ಕಾಲ ಸಂದಿಯಿಂದಲೇ ಚೆಂಡು ಒಯ್ದ. ಮೂರನೆಯ ಸಲ ಅವನು ಚೆಂಡಿನ ಕಡೆ ನೋಡಲೇ ಇಲ್ಲ, ನೇರ ಮೊಣಕಾಲ ಕೆಳಗೆ ಒದ್ದ. ಆ ಸದ್ದು ಬದುವಿನ ಮೇಲೆ ಕೂತಿದ್ದ ನಮಗೂ ಕೇಳಿಸಿತು...

ಕಂಡಕ್ಟರ್ ಮಾಮನ ಹತ್ತಿರ ಕಾರ್ಡು ಗೀರ್ಡು ಇರಲಿಲ್ಲ. ಗೆರೆಯ ಕಡೆ ಕೈ ತೋರಿಸಿ, “ಆಚೆ. ಫೈನಲೂ ಇಲ್ಲ,” ಎಂದರು. ಆ ಹುಡುಗನಿಲ್ಲದೆ ನಮ್ಮವರು ಸೋತರು, ಎಸ್ಟೇಟಿನವರು ಫೈನಲಿಗೆ ಹೋದರು. ಆವತ್ತು ಸಂಜೆ ಅದೇ ಬಸ್ಸಿನ ಹಿಂದಿನ ಉದ್ದ ಸೀಟಿನಲ್ಲಿ ಹುಡುಗನನ್ನು ಮಲಗಿಸಿ, ಅವನ ತಲೆಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಸಕಲೇಶಪುರದ ಆಸ್ಪತ್ರೆಗೆ ಸೇರಿಸಿದರು. ಮೂಳೆ ಮುರಿದಿತ್ತು.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ಹಲ್ಲು ಕಡಿಯುವಂತಾಗುತ್ತದೆ. ನಮ್ಮ ಕಡೆ ಹರಕೆ ಮರೆತರೆ, ಮೈಲಿಗೆಯಲ್ಲಿ ಗುಡಿಯೊಳಗೆ ಕಾಲಿಟ್ಟರೆ ಊರ ದೇವಿ ಅಮ್ಮನಿಗೆ ತಪ್ಪುಕಾಣಿಕೆ ಕಟ್ಟುವುದುಂಟು. ಅದು ದೇವರಿಗೂ ತಪ್ಪು ಮಾಡಿದವನಿಗೂ ನಡುವಿನ ವ್ಯವಹಾರ. ಫುಟ್‌ಬಾಲಿನ ಶಿಕ್ಷೆ ಕಳೆಯಲು ತಪ್ಪುಕಾಣಿಕೆ ಕಟ್ಟಿದವರು ಭೂಮಿಯ ಮೇಲೆ ನಮ್ಮೂರವರು ಮಾತ್ರ ಇರಬೇಕು. ಶುಕ್ರವಾರ ಸಾಹುಕಾರರು ಮಗನನ್ನು ಗುಡಿಗೆ ಕರೆತಂದು, ಹಳದಿ ಬಟ್ಟೆಯಲ್ಲಿ ಕಾಣಿಕೆ ಕಟ್ಟಿಸಿ, ಅಡ್ಡ ಬೀಳಿಸಿ, ಪೂಜಾರಿಯ ಕೈಲಿ ಪ್ರಸಾದ ಕೇಳಿಸಿದರು. ಅಮ್ಮನ ಬಲಗಡೆಯಿಂದ ಹೂ ಬಿತ್ತು. ಒಪ್ಪಿಗೆಯಾಯಿತು ಎಂದು ಗಂಟೆ ಬಾರಿಸಿದರು. ಅಮ್ಮನನ್ನು ನಾನು ದೂರುವುದಿಲ್ಲ. ಅವಳನ್ನು ಕೇಳಿದ್ದು ತಪ್ಪು ಕ್ಷಮಿಸುತ್ತೀಯಾ ಎಂದು. ಇವನನ್ನು ಫೈನಲ್ ಆಡಿಸಬಹುದಾ ಎಂದು ಯಾರೂ ಕೇಳಿರಲಿಲ್ಲ.

ಭಾನುವಾರ ಬಸ್ಸು ಬಂದಾಗ ಕಮಿಟಿಯವರು ಅರಳಿಕಟ್ಟೆಯಲ್ಲೇ ಕಾಯುತ್ತಿದ್ದರು. ಕಾಲು ಮುರಿದ ಹುಡುಗನ ಅಪ್ಪನನ್ನೂ ಕರೆತಂದು ನಿಲ್ಲಿಸಿದ್ದರು.

“ಅಮ್ಮನೇ ಬಲಗಡೆ ಹೂ ಕೊಟ್ಟೈತೆ. ಇನ್ನು ನಿಮ್ದೇನು ಕಂಡಕ್ಟ್ರೇ?” ಎಂದ ರೈಟರ್.

“ದೇವ್ರಿಗೆ ಕಟ್ಟಿದ್ದು ದೇವ್ರಿಗಾಯ್ತು. ಆ ಹುಡ್ಗನ ಕಾಲಿಗೆ ಏನ್ ಕಟ್ಟುದ್ರಿ?”

ಹುಡುಗನ ಅಪ್ಪ ತಲೆ ತಗ್ಗಿಸಿಕೊಂಡೇ, “ನಂದೇನೂ ತಕರಾರಿಲ್ಲ ಬುಡಿ ಸ್ವಾಮಿ,” ಎಂದ.

“ನಿನ್ ಕಷ್ಟ ನಂಗೊತ್ತು ಕಣಣ್ಣ. ಇವ್ರು ಒಪ್ಪಿಸ್ಬೇಕಾಗಿರಾದು ನನ್ನ,” ಎಂದು ಹೇಳಿ ಕಂಡಕ್ಟರ್ ಮಾಮ ಸುಣ್ಣದ ಬುಟ್ಟಿ ಎತ್ತಿಕೊಂಡು ಗದ್ದೆಗೆ ಇಳಿದರು.

ಗೆರೆ ಎಳೆದರು, ಎರಡೂ ತಂಡಗಳನ್ನು ಕರೆದರು. ಸಾಹುಕಾರರ ಮಗ ಅದೇ ಬೂಟು ಹಾಕಿಕೊಂಡು ಬಂದು ನಿಂತ. ಕಂಡಕ್ಟರ್ ಮಾಮ ಗದ್ದೆಯ ನಡುವೆ ನಿಂತು, “ಇವ್ನು ಗೆರೆ ಆಚೆ ಹೋಗ್ಲಿ, ವಿಸಲ್ ಹಾಕ್ತೀನಿ,” ಎಂದರು. ಅವನು ಹೋಗಲಿಲ್ಲ, ಇವರು ಊದಲಿಲ್ಲ. ಜನ ಮೊದಲು ನಕ್ಕರು, ಆಮೇಲೆ ಕೂಗಿದರು. ಯಾರೋ ಮಣ್ಣಿನ ಹೆಂಟೆ ಎಸೆದರು, ಅದು ಅವರ ಬೆನ್ನಿಗೆ ಬಿತ್ತು. ಎಸೆದವನು ನಮ್ಮೂರವನೇ. ಅವರು ತಿರುಗಿಯೂ ನೋಡಲಿಲ್ಲ.

ಕೊನೆಗೆ ಸಾಹುಕಾರರು ಕುರ್ಚಿಯಲ್ಲಿ ಕೂತಲ್ಲಿಂದಲೇ, “ಅವ್ರ ಹತ್ರ ವಿಸಲ್ ಇಸ್ಕಂಡು ನಮ್ ರೈಟ್ರಿಗೆ ಕೊಡ್ರಯ್ಯ,” ಎಂದರು.

“ಇದು ಬಸ್ಸಿನ ವಿಸಲ್ ಸ್ವಾಮಿ, ಬಸ್ಸಿಗೇ ಬೇಕು,” ಎಂದು ಹೇಳಿ ಕಂಡಕ್ಟರ್ ಮಾಮ ಬೆನ್ನಿನ ಮಣ್ಣು ಒರೆಸಿಕೊಳ್ಳದೆ ಗದ್ದೆಯಿಂದ ಮೇಲೆ ಹತ್ತಿದರು. ರೈಟರ್ ಬಾಯಿಗೆ ಎರಡು ಬೆರಳಿಟ್ಟು ಸಿಳ್ಳೆ ಹಾಕಿ ಆಟ ಶುರು ಮಾಡಿಸಿದ. ನ್ಯಾಯ ಬೇಡವಾ ಎಂದು ಬಸ್ಸಿನಲ್ಲಿ ಕೂಗಿದ್ದನಲ್ಲ, ಅದೇ ಬಾಯಿ.

ಪ್ರತಿ ವರ್ಷ ಫೈನಲ್ ದಿನ ಕಪ್ ಕೊಡುವವರೆಗೆ ಬಸ್ಸನ್ನು ನಿಲ್ಲಿಸಿಕೊಳ್ಳುವುದು ರೂಢಿ. ಆವತ್ತೂ ನಿಲ್ಲುತ್ತದೆ ಎಂದುಕೊಂಡು, ಹೆತ್ತೂರು ಕಡೆಯಿಂದ ಬಂದವರೆಲ್ಲ ಆಟ ನೋಡುತ್ತ ಕೂತರು. ಮರುದಿನ ನನಗೆ ಪರೀಕ್ಷೆಯಿತ್ತು. ಸಕಲೇಶಪುರದ ಚಿಕ್ಕಮ್ಮನ ಮನೆಯಲ್ಲಿ ಉಳಿಯಲೆಂದು ನಾನೂ ನನ್ನ ಅಮ್ಮನೂ ಆಗಲೇ ಬಸ್ಸು ಹತ್ತಿದ್ದೆವು. ಇನ್ನೊಂದು ಸೀಟಿನಲ್ಲಿ ಹುಂಜವನ್ನು ಮಡಿಲಲ್ಲಿಟ್ಟುಕೊಂಡ ಅಜ್ಜಿ. ಅಷ್ಟೇ ಜನ. ಪರೀಕ್ಷೆಗೆಂದು ಕಟ್ಟಿಕೊಂಡಿದ್ದ ಅಪ್ಪನ ವಾಚು ನೋಡಿದೆ, ಐದೂವರೆ. ಕಂಡಕ್ಟರ್ ಮಾಮ ಡ್ರೈವರನನ್ನು ಎಬ್ಬಿಸಿ ವಿಸಲ್ ಹಾಕಿದರು. ಬಸ್ಸು ಹೊರಟಿತು. ಬೆನ್ನಿನ ಮಣ್ಣನ್ನು ಹಾಗೇ ಬಿಟ್ಟುಕೊಂಡು ಅವರು ಟಿಕೆಟ್ ಹರಿದು ಕೊಟ್ಟರು.

ಸಾಹುಕಾರರ ಮಗ ಗೋಲು ಹೊಡೆದನಂತೆ, ಕಪ್ ಅವರಿಗೇ ಸಿಕ್ಕಿತಂತೆ. ಕತ್ತಲಲ್ಲಿ ನಡೆದು ಊರು ಸೇರಿದವರ ಸಿಟ್ಟೆಲ್ಲ ಕಂಡಕ್ಟರ್ ಮಾಮನ ಮೇಲೆ. ಹೊತ್ತಿಗೆ ಮುಂಚೆಯೇ ಬಸ್ಸು ಹೊರಡಿಸಿ ಪ್ರಯಾಣಿಕರನ್ನು ನಡುದಾರಿಯಲ್ಲಿ ಕೈಬಿಟ್ಟ, ಡ್ಯೂಟಿಯಲ್ಲಿ ಫುಟ್‌ಬಾಲ್ ಆಡಿಸುತ್ತಾನೆ ಎಂದು ಡಿಪೋಗೆ ದೂರು ಹೋಯಿತು. ಆಡಿಸಿ ಎಂದು ಕೈಮುಗಿದು ಕರೆದವರೇ ದೂರಿದವರು! ಅಲ್ಲಿಯವರೋ, ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವಂಥವರು. ಸಸ್ಪೆಂಡ್ ಮಾಡಿದರು. ಡ್ರೈವರನನ್ನು ಕೇಳಿದರೆ, “ನಂಗೇನ್ ಗೊತ್ತು ಸಾರ್, ವಿಸಲ್ ಹಾಕುದ್ರು, ಹೊರಟೆ,” ಎಂದನಂತೆ.

ನಾನು ಅಪ್ಪನ ಹತ್ತಿರ ಹೋದೆ. “ಅಪ್ಪ, ಬಸ್ಸು ಟೈಮಿಗೇ ಹೊರಡ್ತು. ನಾನೇ ನೋಡಿವ್ನಿ. ಡಿಪೋಗೆ ಹೋಗಿ ಹೇಳನ ಬಾ.”

“ಬಾಯ್ ಮುಚ್ಕಂಡು ಓದ್ಕ. ನಮ್ ಹಣ್ಣು ಪಲ್ಪರಿಗೆ ಹಾಕ್ಕೊಡೋರು ಯಾರು, ನಿನ್ ಕಂಡಕ್ಟ್ರಾ?”

ನಮ್ಮದು ಸಣ್ಣ ತೋಟ. ಹಣ್ಣು ಸುಲಿಸಲು ಸಾಹುಕಾರರ ಯಂತ್ರವೇ ಗತಿ ಎಂಬುದು ನನಗೂ ಗೊತ್ತಿತ್ತು. ಗೊತ್ತಿದ್ದರೆ ಸಿಟ್ಟು ಕಮ್ಮಿಯಾಗುತ್ತದೆಯೇ? ಅಮ್ಮನೂ ಬಸ್ಸಿನಲ್ಲಿದ್ದಳು. ಅವಳೂ ಒಲೆಯ ಕಡೆ ತಿರುಗಿಕೊಂಡಳು. ಅಪ್ಪ ತೀರಿಕೊಂಡು ವರ್ಷಗಳಾದವು. ಆ ಒಂದು ಮಾತಿಗೆ ನಾನು ಅವನನ್ನು ಇನ್ನೂ ಕ್ಷಮಿಸಿಲ್ಲ.

ಸಾಹುಕಾರರ ಮಗನ ಶಿಕ್ಷೆ ಒಂದು ವಾರ ಮುಗಿಯುವುದರೊಳಗೆ ಕಳೆಯಿತು. ಇವರದು ಒಂದು ಇಡೀ ಮಳೆಗಾಲ ಕಳೆದರೂ ಮುಗಿಯಲಿಲ್ಲ. ನಡುವೆ ಕಮಿಟಿಯವರು ಆಲೂರಿಗೆ ಅವರ ಮನೆಗೇ ಹೋಗಿ, ಸಾಹುಕಾರರ ಕಾಲಿಗೆ ಬಿದ್ದು ಅಮ್ಮನಿಗೊಂದು ತಪ್ಪುಕಾಣಿಕೆ ಕಟ್ಟಿದರೆ ದೂರು ವಾಪಸ್ ಎಂದರಂತೆ. “ಅದು ತಪ್ಪು ಮಾಡ್ದೋರು ಕಟ್ಟಾದು,” ಎಂದು ಇವರು ಬಾಗಿಲು ಹಾಕಿಕೊಂಡರಂತೆ. ಕೊನೆಗೆ ಬಯಲುಸೀಮೆಯ ಯಾವುದೋ ಡಿಪೋಗೆ ಹಾಕಿದರು. ನಮ್ಮ ರಸ್ತೆಗೆ ಅವರು ಮತ್ತೆ ಬರಲಿಲ್ಲ, ಯಾವ ಆಟಕ್ಕೂ ಮತ್ತೆ ವಿಸಲ್ ಊದಲಿಲ್ಲ. ಹುಡುಗನ ಕಾಲು ಕೂಡಿತು, ಸೊಟ್ಟಗೆ...

ಹೋದ ವರ್ಷ ಕಂಡಕ್ಟರ್ ಮಾಮ ತೀರಿಕೊಂಡರು. ಸುದ್ದಿ ತಿಳಿದು ಆಲೂರಿಗೆ ತಿಥಿಗೆ ಹೋದೆ. ನಮ್ಮೂರ ಕಡೆಯವರೂ ಬಂದಿದ್ದರು. ಪಂಕ್ತಿಯಲ್ಲಿ ನನ್ನಿಂದ ನಾಲ್ಕು ಎಲೆ ಆಚೆ ಆ ರೈಟರ್ ಕೂತಿದ್ದ. ಮುದುಕನಾಗಿದ್ದಾನೆ, ಹಲ್ಲಿಲ್ಲ. ಹೋಳಿಗೆಯನ್ನು ಪಾಯಸದಲ್ಲಿ ನೆನೆಸಿಕೊಂಡು ತಿನ್ನುತ್ತ, “ಒಳ್ಳೇ ಮನ್ಸ ಕಣ್ರೀ. ಒಂದ್ಸಲ ಮಾತ್ರ ನಮ್ಮನ್ನೆಲ್ಲ ಬುಟ್ಟು ಟೈಮಿಗ್ ಮುಂಚೆನೇ ಬಸ್ ಹೊಡ್ಕಂಡ್ ಹೋಗ್ಬುಟ್ಟಿದ್ದ,” ಎಂದು ನಕ್ಕ. ಸುತ್ತಲಿದ್ದವರೂ ನಕ್ಕರು.

ನಾನು ಎಲೆಯ ಮುಂದಿನಿಂದ ಎದ್ದು ನಿಂತೆ. “ಸುಳ್ಳು. ಬಸ್ಸು ಐದೂವರೆಗೇ ಹೊರಟಿದ್ದು. ನಾನು ಅದ್ರಲ್ಲೇ ಇದ್ದೆ,” ಎಂದೆ.

“ಹೋಗ್ಲಿ ಬುಡವ್ವ, ಅದೆಲ್ಲ ಈಗ್ಯಾಕೆ. ಕೂತ್ಕಂಡು ಉಣ್ಣು,” ಎಂದರು ಯಾರೋ.

ಒಳಬಾಗಿಲಲ್ಲಿ ಗೋಡೆಗೆ ಒರಗಿ ಕೂತಿದ್ದ ಕಂಡಕ್ಟರ್ ಮಾಮನ ಹೆಂಡತಿ ತಲೆ ಎತ್ತಿದರು. ನಾನು ಯಾರೆಂದು ಅವರಿಗೆ ಗೊತ್ತಿರಲಿಲ್ಲ. “ಇನ್ನೊಂದ್ಸಲ ಹೇಳವ್ವ,” ಎಂದರು. “ಜೋರಾಗಿ ಹೇಳು.”

ಹೇಳಿದೆ. ಪಂಕ್ತಿಯವರೆಲ್ಲ ತಲೆ ತಗ್ಗಿಸಿ ಉಂಡರು. ಇಪ್ಪತ್ತು ವರ್ಷದ ಹಿಂದೆ ಇವರಲ್ಲಿ ಒಬ್ಬನಾದರೂ ಡಿಪೋಗೆ ಹೋಗಿ ಹೇಳಬಹುದಾಗಿದ್ದ ಒಂದೇ ಒಂದು ಮಾತು ಅದು. ಕೇಳಬೇಕಾಗಿದ್ದ ಮನುಷ್ಯ ಈಗ ಇಲ್ಲ. ಕಾಲ ಕಳೆದರೆ ಸಿಟ್ಟು ಇಳಿಯುತ್ತದೆ ಎನ್ನುತ್ತಾರೆ. ನನ್ನದು ಇಳಿದಿಲ್ಲ, ಇಳಿಯುವುದೂ ಬೇಡ.