ಒಂದೇ ಸಪ್ಪಳ ಎಂದು ಹೇಳಿದವನು ನಾನು

ತುಳಸಕ್ಕನ ತೊಡೆಯನ್ನು ಸೀಳಿದ ಗುಂಡು ಕಲ್ಲಪ್ಪ ಕಾಕಾನ ಬಂದೂಕಿನದಲ್ಲ. ಇದು ನನಗೆ ಮೊದಲ ಕ್ಷಣದಿಂದಲೂ ಗೊತ್ತಿತ್ತು. ಗೊತ್ತಿದ್ದೂ ವರ್ಷಗಟ್ಟಲೆ ಬಾಯಿ ಬಿಡಲಿಲ್ಲ. ಗುಂಡು ಹಾರಿಸಿದವನು ನನ್ನ ಗೆಳೆಯ ಅಜಿತ. ಅದರ ಸದ್ದು ಯಾರ ಕಿವಿಗೂ ಬೀಳದಂತೆ ಮಾಡಿದವನು — ನಾನು.

ಬೆಳಗಾವಿಯ ಉದ್ಯಮಬಾಗದಲ್ಲಿ ನನ್ನದೊಂದು ಸಣ್ಣ ಲೇತ್ ಕಾರ್ಖಾನೆ ಇದೆ. ಖಾನಾಪುರದ ಆಚೆ, ಕಾಡಿನ ಅಂಚಿಗೆ, ಗೋಡಂಬಿ ಗಿಡಗಳಿರುವ ಒಂದು ತುಂಡು ಜಮೀನೂ ಇದೆ. ಅದರ ಪಕ್ಕದ ಗದ್ದೆ ಕಲ್ಲಪ್ಪ ಕಾಕಾನದು. ನಾನು ಆ ಜಮೀನು ಕೊಂಡಾಗಿನಿಂದ ಬೇಲಿ ಕಟ್ಟಿಸಿದವರು, ಗಿಡ ನೋಡಿಕೊಂಡವರು ಅವರೇ. ನಾನು ಹೋದಾಗಲೆಲ್ಲ ಅವರ ಮನೆಯಲ್ಲೇ ಊಟ. ‘ಪ್ಯಾಟಿ ಮಂದಿಗಿ ಹಸಿವಿ ಕಮ್ಮಿ’ ಎನ್ನುತ್ತಲೇ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿಸುತ್ತಿದ್ದರು. ಹಂದಿಗಳಿಂದ ಭತ್ತ ಉಳಿಸಿಕೊಳ್ಳಲು ಅವರ ಹತ್ತಿರ ಮದ್ದು ಜಡಿದು ಹಾರಿಸುವ ಹಳೆಯ ಬಂದೂಕೊಂದಿತ್ತು. ಲೈಸೆನ್ಸೂ ಇತ್ತು. ಅವರು ಮುಗಿಲಿಗೆ ಹಿಡಿದು ಒಮ್ಮೆ ಹಾರಿಸಿದರೆ ಗುಡ್ಡದ ಆಚೆಯ ಊರಿನವರಿಗೂ ಗೊತ್ತಾಗುತ್ತಿತ್ತು — ಕಲ್ಲಪ್ಪ ಗದ್ದೆಯಲ್ಲಿದ್ದಾನೆ.

ಅಜಿತನ ರೈಫಲ್ಲಿನ ಕೆಲಸ ಬೇರೆ. ಅವನಿಗೆ ಬೇಟೆಯ ಹುಚ್ಚು. ಅದು ಕಾನೂನಿಗೆ ವಿರುದ್ಧವೆಂದು ಅವನಿಗೂ ಗೊತ್ತು, ನನಗೂ ಗೊತ್ತು. ಆದರೂ ಕೆಲವು ಭಾನುವಾರ ನಸುಕಿನಲ್ಲಿ ನಾವಿಬ್ಬರೂ ಬೇರೆ ಬೇರೆ ಗಾಡಿಯಲ್ಲಿ ನನ್ನ ಜಮೀನಿಗೆ ಹೋಗುತ್ತಿದ್ದೆವು. ಅವನು ಹೊಡೆಯುವವನು, ನಾನು ಜೊತೆಗಾರ. ಅರಣ್ಯ ಇಲಾಖೆಯವರು ಸದ್ದು ಕೇಳಿ ಬಂದರೆ ಗತಿಯೇನು ಎಂಬ ಅಂಜಿಕೆ ಇಬ್ಬರಿಗೂ ಇತ್ತು.

ಒಂದು ದಿನ ಕಾರ್ಖಾನೆಗೆ ರಜೆ ಇದ್ದಾಗ ಅವನು ಬಂದು ಟವೆಲಿನಲ್ಲಿ ಸುತ್ತಿದ್ದ ಎರಡು ಕೊಳವೆಗಳನ್ನು ನನ್ನ ಮೇಜಿನ ಮೇಲೆ ಇಟ್ಟ. ರೈಫಲ್ಲಿನ ಮೂತಿಗೆ ಹಾಕುವ ಸೈಲೆನ್ಸರ್. ಇಟ್ಟುಕೊಳ್ಳುವುದೇ ಅಪರಾಧವಾದ ಸಾಮಾನು. ಎಲ್ಲಿಂದ ತಂದೆ ಎಂದು ನಾನು ಕೇಳಲಿಲ್ಲ.

“ಲೋಖಂಡದ್ದು ನಿನಗ ತಿಳೀತದ,” ಅಂದ, ಕಬ್ಬಿಣ ಕಡೆಯುವವನು ನಾನೆಂದು. “ಯಾವುದ ಛಲೋ, ನೀನ ಆರಿಸಿ ಕೊಡು. ಒಂದ ಇಟ್ಕೊಂಡು ಒಂದ ತಿರುಗಿ ಕೊಡ್ತೀನಿ.”

ಚಿಕ್ಕದು ಸದ್ದನ್ನು ಸ್ವಲ್ಪ ತಗ್ಗಿಸುತ್ತಿತ್ತು, ಅಷ್ಟೇ. ಹಾರಿಸುವವನ ಕಿವಿ ಉಳಿಯುತ್ತದೆ, ಆದರೆ ಸುತ್ತಲಿನವರಿಗೆ ಕೇಳುತ್ತದೆ. ದೊಡ್ಡದು ಸದ್ದನ್ನು ಪೂರ್ತಿ ನುಂಗುವಂಥದ್ದು. ಯಂತ್ರಗಳ ಸದ್ದಿಗೆ ನನ್ನ ಎಡಗಿವಿ ಆಗಲೇ ಮಂದವಾಗಿತ್ತು. ಒಳಗೆ ಸದಾ ಗುಂಯ್ ಎನ್ನುತ್ತಿತ್ತು. ಕಿವಿಯ ಸಲುವಾಗಿ ಇಂಥದ್ದೊಂದು ಬೇಕೇ ಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು — ಕಿವಿಯ ಮಾತಾಗಿದ್ದರೆ ಚಿಕ್ಕದೇ ಸಾಕಿತ್ತು. ನಾನು ಎರಡನ್ನೂ ಬೆಳಕಿಗೆ ಹಿಡಿದೆ, ಬೆರಳಾಡಿಸಿದೆ, ಗಿರಾಕಿಯ ಕೆಲಸ ಪರೀಕ್ಷಿಸುವಂತೆ ತಿರುವಿ ತಿರುವಿ ನೋಡಿದೆ. ನನ್ನ ತಿಳಿವಳಿಕೆಯನ್ನು ನೆಚ್ಚಿ ಒಬ್ಬರು ಕೇಳುತ್ತಿದ್ದಾರೆಂಬ ಹಿಗ್ಗು ಬೇರೆ. ಕೊನೆಗೆ ದೊಡ್ಡದನ್ನು ಅವನ ಕೈಗಿಟ್ಟೆ.

“ಇದ ಇರ್ಲಿ. ಬಾಜೂ ಹೊಲದವರಿಗೂ ಕೇಳ್ಸೂದಿಲ್ಲ.”

ಬಾಜೂ ಹೊಲದವರು ಎಂದರೆ ಯಾರು — ಆಗ ಅದು ಹೊಳೆಯಲಿಲ್ಲ. ಹೊಳೆದಿದ್ದರೂ...

ಆ ಚಳಿಗಾಲದ ಮುಂಜಾನೆ ದಟ್ಟ ಮಂಜು ಬಿದ್ದಿತ್ತು. ಹಳ್ಳದ ಕಡೆಯ ಪೊದೆ ಅಲುಗಿತು. ಹಂದಿ ಎಂದುಕೊಂಡ ಅಜಿತ ರೈಫಲ್ಲಿನ ಕುದುರೆ ಎಳೆದ. ಬಾಗಿಲಿಗೆ ಚಿಲಕ ಹಾಕಿದಷ್ಟೇ ಸದ್ದು. ಅದೇ ಗಳಿಗೆಗೆ ಗದ್ದೆಯ ಆ ತುದಿಯಲ್ಲಿ ಕಾಕಾನ ಬಂದೂಕು ಗುಡುಗಿತು. ಗುಡ್ಡವೆಲ್ಲ ಮರುದನಿಗೊಟ್ಟು ಸುಮ್ಮನಾಗುವಷ್ಟರಲ್ಲಿ ಪೊದೆಯ ಹಿಂದಿನಿಂದ ಹೆಂಗಸೊಬ್ಬಳು ಚೀರಿದಳು.

ಅಜಿತ ನನ್ನ ಮುಖ ನೋಡಿದ. ರೈಫಲ್ ಎತ್ತಿಕೊಂಡು, ಗೋಡಂಬಿ ಗಿಡಗಳ ಹಿಂದೆ ನಿಲ್ಲಿಸಿದ್ದ ತನ್ನ ಜೀಪಿನ ಕಡೆಗೆ ನಡೆದುಬಿಟ್ಟ. ನಾನು ಹಳ್ಳದತ್ತ ಓಡಿದೆ.

ತುಳಸಕ್ಕ ನೆಲದ ಮೇಲೆ ಕುಳಿತಿದ್ದಳು. ಅವಳು ಅದೇ ಊರಿನವಳು, ಗಂಡ ತೀರಿದ ಮೇಲೆ ಎಮ್ಮೆ ಸಾಕಿ ಮಗಳನ್ನು ಬೆಳೆಸುತ್ತಿದ್ದವಳು. ಆ ಹೊತ್ತಿಗೆ ಹುಲ್ಲು ಕೊಯ್ಯಲು ಬಂದಿದ್ದಳು. ಸೀರೆಯ ಮೇಲಿಂದಲೇ ತೊಡೆಯನ್ನು ಎರಡೂ ಕೈಯಿಂದ ಒತ್ತಿ ಹಿಡಿದಿದ್ದಳು. ಬೆರಳ ಸಂದಿನಿಂದ ರಕ್ತ. ಆ ಕಡೆಯಿಂದ ಕಾಕಾ ಏದುಸಿರು ಬಿಡುತ್ತ ಬಂದರು. ನೋಡಿದವರೇ ಬಂದೂಕನ್ನು ಹಾವು ಹಿಡಿದವರಂತೆ ಎಸೆದುಬಿಟ್ಟರು.

“ಯವ್ವಾ ತುಳಸಾ, ನನ್ನ ಕೈಯಿಂದ ಇದೇನಾತ?”

“ನಿಮ್ಮ ಬಂದೂಕಿನ ಸಪ್ಪಳ ಅಷ್ಟ ಕೇಳ್ಸಿತು ಕಾಕಾ,” ಅಂದಳು ಅವಳು. ದೂರಿದ ದನಿಯಲ್ಲ ಅದು. ಕೇಳಿಸಿದ್ದನ್ನು ಹೇಳಿದಳು.

ಆಗ ನಾನು ಹೇಳಬೇಕಿತ್ತು. ಬಾಯಿ ತೆರೆಯಲೂ ತೆರೆದೆ — “ಮೊದಲ ದವಾಖಾನಿಗಿ ಹೋಗೂಣು ನಡೀರಿ” ಎಂದೆ. ಕಾಕಾ ತಮ್ಮ ರುಮಾಲು ಹರಿದು ಅವಳ ಗಾಯಕ್ಕೆ ಕಟ್ಟಿದರು. ನನ್ನ ಕಾರಿನಲ್ಲೇ ಖಾನಾಪುರಕ್ಕೆ, ಅಲ್ಲಿಂದ ಬೆಳಗಾವಿಗೆ ಕರೆತಂದೆವು. ದಾರಿಯುದ್ದಕ್ಕೂ ಕಾಕಾ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಜನ ನನ್ನನ್ನು ಹೊಗಳಿದರು. ಹೊತ್ತಿಗೆ ಸರಿಯಾಗಿ ಒದಗಿದ ಪುಣ್ಯಾತ್ಮನಂತೆ ನಾನು.

ಗುಂಡು ಮಾಂಸ ಸೀಳಿ ಆಚೆ ಹೋಗಿತ್ತು, ಸಿಗಲಿಲ್ಲ. ಪೊಲೀಸರು ಹುಡುಕುವ ಮೊದಲೇ ಕಾಕಾ ಬಂದೂಕು ಹಿಡಿದುಕೊಂಡು ಠಾಣೆಗೆ ಹೋಗಿ, ತಪ್ಪು ನನ್ನದು ಎಂದಿದ್ದರು. ನನ್ನನ್ನೂ ಕರೆಸಿದರು. ಸಾಹೇಬರು ಕೇಳಿದ್ದು ಒಂದೇ ಮಾತು.

“ಎಷ್ಟ ಸಪ್ಪಳ ಕೇಳಿದ್ರೀ?”

“ಒಂದ ರೀ.”

ಆ ಒಂದು ಮಾತಿನಿಂದ ಎಲ್ಲ ಮುಗಿಯಿತು. ಅಜಿತ ಪಾರಾದ, ನಾನು ಪಾರಾದೆ. ಕಾಕಾ ಹಿಂಡಲಗಾ ಜೈಲಿನಲ್ಲಿ ಕೆಲವು ದಿನ ಇದ್ದು ಜಾಮೀನಿನ ಮೇಲೆ ಹೊರಬಂದರು. ಬಂದೂಕು ಹೋಯಿತು. ತುಳಸಕ್ಕನೇ ರಾಜಿಗೆ ಒಪ್ಪಿದ್ದರಿಂದ ಕೇಸು ಮುಂದೆ ಬೆಳೆಯಲಿಲ್ಲ. ಆದರೆ ಅವಳ ಕಾಲಿನ ನರ ಕಡಿದಿತ್ತು. ಹಳ್ಳ ಇಳಿದು ಗುಡ್ಡ ಹತ್ತುವ ಕಾಲು ಅದಲ್ಲ ಎಂದರು ಡಾಕ್ಟರು.

ಅಂದಿನಿಂದ ಅವಳ ಎಮ್ಮೆಗಳಿಗೆ ಹುಲ್ಲು ಕೊಯ್ದವರು ಕಾಕಾ. ಎಪ್ಪತ್ತು ದಾಟಿದ ಮುದುಕ, ದಿನಾ ಬೆಳಿಗ್ಗೆ ಹೊರೆ ಹೊತ್ತು ಅವಳ ಹಿತ್ತಿಲಿಗೆ ಹಾಕಿ ಬರುತ್ತಿದ್ದರು. ಹಂದಿಗಳು ಅವರ ಸ್ವಂತ ಗದ್ದೆಯನ್ನು ಉತ್ತಂತೆ ಅಗೆದು ಹೋಗುತ್ತಿದ್ದವು. ಬೇರೆ ಬಂದೂಕಿಗೆ ಅರ್ಜಿ ಹಾಕಿ ಎಂದರೆ ತಲೆ ಅಲ್ಲಾಡಿಸುತ್ತಿದ್ದರು. ನಾನು ಅಜಿತನ ಸಂಗ ಬಿಟ್ಟೆ, ಕಾಡಿಗೆ ಹೋಗುವುದನ್ನು ಬಿಟ್ಟೆ. ಏನೋ ದೊಡ್ಡದನ್ನು ತ್ಯಜಿಸಿದವನ ಹಾಗೆ... ಹೇಳಬೇಕಾದ ಒಂದು ಮಾತನ್ನು ಮಾತ್ರ ಹೇಳಲಿಲ್ಲ.

ಈ ವರ್ಷ ತುಳಸಕ್ಕನ ಮಗಳ ಮದುವೆಯಾಯಿತು. ಖಾನಾಪುರದ ಮಂಗಲ ಕಾರ್ಯಾಲಯದಲ್ಲಿ ಕಾಕಾ ಕೊನೆಯ ಸಾಲಿನಲ್ಲಿ ನಿಂತಿದ್ದರು, ಪಕ್ಕದಲ್ಲಿ ನಾನು. ಎಲ್ಲರಿಗೂ ಅಕ್ಷತೆ ಹಂಚಿದರು. ಕಾಕಾ ತಮ್ಮ ಪಾಲಿನ ಕಾಳನ್ನು ನನ್ನ ಅಂಗೈಗೆ ಸುರಿದರು.

“ನಂದೂ ನೀನ ಹಾಕು ಶಿವಾನಂದ. ಆ ಕೂಸಿನ ಮ್ಯಾಲ ನನ್ನ ಕೈಯಿಂದ ಏನೂ ಬೀಳೂದ ಬ್ಯಾಡ.”

ನಾನು ಹಾಕಿದೆ. ಅವರ ಪಾಲನ್ನೂ, ನನ್ನ ಪಾಲನ್ನೂ — ಈ ಕೈಯಿಂದಲೇ. ಆಮೇಲೆ ಊಟಕ್ಕೆ ಕೂರಲು ಆಗಲಿಲ್ಲ.

ಮರುದಿನವೇ ಊರಿಗೆ ಹೋದೆ. ಕಾಕಾ ಹಳ್ಳದ ದಂಡೆಯಲ್ಲಿ ಹುಲ್ಲು ಕೊಯ್ಯುತ್ತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ: ಅಜಿತ, ರೈಫಲ್, ಸೈಲೆನ್ಸರ್, ಅದನ್ನು ಆರಿಸಿದ್ದು, ಠಾಣೆಯಲ್ಲಿ ಹೇಳಿದ್ದು. ಅವರು ಕುಡುಗೋಲು ಕೆಳಗಿಟ್ಟರು. ಬೈಯಲಿಲ್ಲ. ತಮ್ಮ ಬಲಗೈಯನ್ನು ತಿರುವಿ ನೋಡಿಕೊಂಡರು.

“ನಾ ಮುಗಲಿಗೇ ಹಿಡದಿದ್ದೆ,” ಅಂದರು. “ಮೊದಲ ನನ್ನೊಳಗ ಹಂಗ ಅನ್ಕೋತಿದ್ದೆ. ಆಮ್ಯಾಲ, ಕೈ ಎಲ್ಲೋ ಜಾರಿರಬೇಕು ಅನ್ನಿಸ್ತು. ನನ್ನ ಕೈನ ನಾನ ನಂಬಲಿಲ್ಲ ನೋಡಪಾ.”

ಅವರ ಬದುಕಿನ ಇಷ್ಟು ವರ್ಷಗಳನ್ನು ಕದ್ದೆ ಎಂದಷ್ಟೇ ತಿಳಿದಿದ್ದೆ. ಅವರ ಕೈಯ ಮೇಲಿನ ಅವರ ನಂಬಿಕೆಯನ್ನೂ ಕದ್ದಿದ್ದೆ.

ಕೊಯ್ದ ಹುಲ್ಲನ್ನು ಕಟ್ಟಿ ಅವರೇ ಹೊತ್ತರು. ನನಗೆ ಕೊಡಲಿಲ್ಲ. ಇಬ್ಬರೂ ತುಳಸಕ್ಕನ ಮನೆಗೆ ನಡೆದೆವು. ಅಲ್ಲಿಯೂ ಮೊದಲಿನಿಂದ ಹೇಳಿದೆ. ಅವಳು ಕಂಬಕ್ಕೆ ಒರಗಿ ನಿಂತು ಕೇಳಿದಳು. ಕೇಳಿ ಮುಗಿಸಿ, ನನ್ನ ಕಡೆ ನೋಡದೆ, ಕಾಕಾನಿಗೆ ಅಂದಳು:

“ಒಳಗ ಬರ್ರಿ ಕಾಕಾ. ಕುಂದರ್ರಿ.”

ಅಷ್ಟು ವರ್ಷ ಹಿತ್ತಿಲಿನಿಂದಲೇ ತಿರುಗಿ ಹೋಗುತ್ತಿದ್ದ ಮನುಷ್ಯ ಹೊಸ್ತಿಲು ದಾಟಿದರು. ನಾನು ಅಂಗಳದಲ್ಲಿ ನಿಂತೇ ಇದ್ದೆ. ಒಳಗೆ ಲೋಟ ತಟ್ಟೆಗಳ ಸದ್ದು, ನಡುನಡುವೆ ಕಾಕಾ ಬಿಕ್ಕುವುದು. ಸ್ವಲ್ಪ ಹೊತ್ತಿಗೆ ಅವಳು ಕಾಲೆಳೆಯುತ್ತ ಬಾಗಿಲಿಗೆ ಬಂದಳು.

“ನಮಗ ಹೇಳಿದ್ರ ಆಗೂದಿಲ್ಲ ರೀ. ಎಲ್ಲಿ ಸುಳ್ಳ ಹೇಳೀರಿ, ಅಲ್ಲಿ ಹೋಗಿ ಖರೇ ಹೇಳ್ರಿ.”

ಠಾಣೆಗೆ ಹೊರಡುವ ಮೊದಲು ಅಜಿತನಿಗೆ ಫೋನ್ ಮಾಡಿ ತಿಳಿಸಿದೆ. “ಆರಿಸಿದಾಂವ ನೀನ, ನೆನಪಿರ್ಲಿ,” ಅಂದ. ನೆನಪಿದೆ ಎಂದೆ. ಅವನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ.

ಠಾಣೆಯಲ್ಲಿ ಈಗ ಬೇರೆ ಸಾಹೇಬರು ಇದ್ದಾರೆ. ಹೇಳಿದ್ದೆಲ್ಲವನ್ನೂ ಬರೆದುಕೊಂಡರು, ನಾನು ಸಹಿ ಮಾಡಿದೆ. ಹೊಸದಾಗಿ ಕೇಸಾಗಿದೆ. ನನ್ನ ಹೆಸರೂ ಇದೆ, ಅಜಿತನದೂ ಇದೆ. ವಕೀಲರು ಏನೇನೋ ದಾರಿ ಹೇಳುತ್ತಾರೆ. ಬೇಡವೆಂದಿದ್ದೇನೆ. ಕಾಕಾ ಒಮ್ಮೆ ಫೋನ್ ಮಾಡಿ, ಗೋಡಂಬಿಗೆ ಹೂ ಬಿಟ್ಟಿದೆ, ಬಂದು ನೋಡು ಎಂದರು. ಹೋಗಿದ್ದೆ. ಬರುವಾಗ ತುಳಸಕ್ಕನ ಮನೆಯ ಮುಂದಿನಿಂದಲೇ ದಾರಿ. ಬಾಗಿಲು ತೆರೆದಿತ್ತು, ಅವಳು ಅಂಗಳದಲ್ಲಿದ್ದಳು. ನನ್ನನ್ನು ನೋಡಿದಳು.

ಕರೆಯಲಿಲ್ಲ.