ಹತ್ತು ಎನ್ನಲು ಬಾರದ ನಾಲಿಗೆ

ಎಪ್ಪತ್ತರ ದಶಕದ ಆರಂಭದಲ್ಲಿ ದೊಡ್ಡಬಳ್ಳಾಪುರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನನಗೆ ಆಪರೇಟರ್ ಕೆಲಸ ಸಿಕ್ಕಿತು. ಹೆದರಿಕೆಯೆಲ್ಲ ನನ್ನ ನಾಲಿಗೆಯದೇ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣದ ಕಡೆಯ ಹಳ್ಳಿಯವಳು ನಾನು. ನಮ್ಮ ಮನೆಯಲ್ಲಿ ಹಾಲು 'ಆಲು', ಹಸು 'ಅಸ'. ಎಸ್ಸೆಸ್ಸೆಲ್ಸಿ ಪಾಸಾದರೂ ನಾಲಿಗೆಯ ಮೇಲೆ ಹಕಾರ ನಿಂತಿರಲಿಲ್ಲ.

ಸೇರಿದ ವಾರವೇ ಬೆಂಗಳೂರಿನ ರೇಷ್ಮೆ ವ್ಯಾಪಾರಿಯೊಬ್ಬರು ಹತ್ತನೇ ನಂಬರು ಕೇಳಿದರು.

"ಅತ್ತಾ ಸಾರ್?" ಅಂದೆ.

"ಯಾರಮ್ಮ ಅತ್ತಿದ್ದು?" ಎಂದು ನಕ್ಕರು.

ನನ್ನ ಕಿವಿ ಬಿಸಿಯಾಯಿತು. ಆಮೇಲೆ ಭಯಕ್ಕೆ ಏಳನ್ನೂ 'ಹೇಳು' ಅಂದುಬಿಟ್ಟೆ. "ಏನು ಹೇಳ್ಲಿ?" ಎಂದು ಇನ್ನೊಬ್ಬರು ರೇಗಿದರು.

ಪಕ್ಕದ ಸ್ವಿಚ್‌ಬೋರ್ಡಿನ ಮುಂದೆ ಕೂರುತ್ತಿದ್ದ ಹಿರಿಯ ಆಪರೇಟರ್ ಮಲ್ಲೇಶ್ವರದವರು. ಅವರು "ಹಲೋ, ಹೇಳಿ" ಎಂದರೆ ಆ ಕಡೆಯವರು ತಾವಾಗಿಯೇ ಮೆತ್ತಗಾಗುತ್ತಿದ್ದರು. ಅವರ ಹಾಗೆ ಮಾತಾಡಬೇಕು ಎಂಬ ಆಸೆ ಹಟಕ್ಕೆ ತಿರುಗಿತು. ಬಾಡಿಗೆ ಕೋಣೆಯಲ್ಲಿ ಅಂಗೈಯನ್ನು ಬಾಯ ಮುಂದೆ ಹಿಡಿದು ಹತ್ತು, ಹನ್ನೊಂದು, ಹನ್ನೆರಡು ಎನ್ನುತ್ತಿದ್ದೆ. ಅಂಗೈಗೆ ಉಸಿರು ತಾಗದಿದ್ದರೆ ಮತ್ತೆ ಮೊದಲಿಂದ. ಮಳೆಗಾಲ ಮುಗಿಯುವಷ್ಟರಲ್ಲಿ ಆ ದನಿ ಬಂತು, ನೆಮ್ಮದಿ ಬರಲಿಲ್ಲ. ಯಾವ ಮಾತಿನಲ್ಲಿ ಸಿಕ್ಕಿಬೀಳುವೆನೋ ಎಂದು ಪ್ರತಿ ಮಾತನ್ನೂ ಮೊದಲು ಮನಸ್ಸಿನಲ್ಲೇ ಅಂದು ನೋಡುತ್ತಿದ್ದೆ.

ಒಂದು ಮಧ್ಯಾಹ್ನ ದೇವನಹಳ್ಳಿಯಿಂದ ಟ್ರಂಕ್ ಕಾಲ್ ಬಂತು.

"ಹಲೋ, ಹೇಳಿ, ಯಾವ ನಂಬರ್ ಬೇಕಾಗಿತ್ತು?"

ಆ ಕಡೆಯಿಂದ, "ಅಮ್ಮಾವ್ರೆ, ನಂಬ್ರು ಗೊತ್ತಿಲ್ಲ. ನಮ್ ಉಡ್ಗಿ ಅಲ್ಲೇ ಕೆಲ್ಸ ಮಾಡ್ತಾಳೆ. ಮನೇಲಿ ಒಸಿ... ಓಗ್ಲಿ ಬುಡಿ, ತಪ್ಪಾಯ್ತು."

ನಮ್ಮಪ್ಪ! "ಅಪ್ಪಾ, ನಾನೇ ಕಣಪ್ಪಾ" ಅನ್ನುವಷ್ಟರಲ್ಲಿ ರಿಸೀವರ್ ಇಟ್ಟುಬಿಟ್ಟಿದ್ದ.

ಅಪ್ಪ ಎಂದೂ ಫೋನು ಮುಟ್ಟಿದವನಲ್ಲ. ಮನೆಯಲ್ಲಿ ಯಾರಿಗೆ ಏನಾಯಿತು? ದೇವನಹಳ್ಳಿಯ ಆಪರೇಟರನ್ನು ಕೇಳಿದರೆ, "ಪೋಸ್ಟಾಫೀಸಿಂದ ಮಾಡಿದ್ರು, ಹೊರಟುಹೋದ್ರಂತೆ" ಅಂದಳು. ಇದನ್ನೆಲ್ಲ ಪಕ್ಕದಲ್ಲೇ ಕೇಳಿಸಿಕೊಂಡ ಹಿರಿಯಾಕೆ, "ಬೋರ್ಡ್ ನಾನು ನೋಡ್ಕೋತೀನಿ, ನೀನು ಊರಿಗೆ ಹೊರಡಮ್ಮ" ಎಂದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವ್ವನಿಗೋ, ತಮ್ಮನಿಗೋ, ಅಜ್ಜಿಗೋ ಎಂದು ಒಬ್ಬೊಬ್ಬರ ಮುಖವೂ ಕಣ್ಣಮುಂದೆ ಬಂತು.

ದೀಪ ಹಚ್ಚುವ ಹೊತ್ತಿಗೆ ಮನೆ ತಲುಪಿದೆ. ಅಜ್ಜಿ ಬಾವಿಕಟ್ಟೆಯಲ್ಲಿ ಜಾರಿ ಬಿದ್ದಿದ್ದಳು. ಮುರಿದ ಕೈಗೆ ಬಿದಿರು ದಬ್ಬೆ ಕಟ್ಟಿಸಿಕೊಂಡು ಜಗಲಿಯ ಮೇಲೆ ಕೂತಿದ್ದಳು. ಜೀವಕ್ಕೇನೂ ಆಗಿರಲಿಲ್ಲ. ನಾನು ಅವಳ ಪಕ್ಕ ಕೂತು ಅತ್ತುಬಿಟ್ಟೆ.

"ಯಾರೋ ದೊಡ್ಡಮ್ಮಾವ್ರು ಎತ್ತುದ್ರು ಕಣವ್ವ," ಅಂದ ಅಪ್ಪ. "ಏನಂದ್ಕೊತಾರೋ ಅಂತ ಮಡಗ್ಬುಟ್ಟೆ."

"ಅದು ನಾನೇ ಕಣಪ್ಪ."

ಅವನು ನಂಬಲಿಲ್ಲ. "ಎಲ್ಲಿ, ಅಂಗೇ ಒಂದ್ಕಿತ ಮಾತಾಡು ನೋಡಾನ."

ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. "ಹಲೋ, ಹೇಳಿ" ಅಂದೆ. ಅಜ್ಜಿ ನೋವಿನಲ್ಲೂ ನಕ್ಕಳು. ಅಪ್ಪ ನಗಲಿಲ್ಲ.

"ಚೆಂದಾಗೈತೆ," ಅಂದ. "ಆದ್ರೆ ನಂಗೆ ಎದ್ರಿಕೆ ಆಯ್ತದೆ."

ಮರುದಿನ ಕೆಲಸಕ್ಕೆ ಮರಳಿದೆ. ಆ ದನಿಯನ್ನು ಬಿಡುವ ಹಾಗಿರಲಿಲ್ಲ, ಬಿಡುವ ಮನಸ್ಸೂ ಇರಲಿಲ್ಲ. ನನಗೆ ಗುರುತು ಸಿಗಲೆಂದು, ಫೋನೆತ್ತಿದ ಕೂಡಲೆ ನಮ್ಮ ಊರಿನ ಹೆಸರು ಹೇಳಬೇಕೆಂದು ಅಪ್ಪನಿಗೆ ಹೇಳಿಕೊಟ್ಟು ಬಂದಿದ್ದೆ. ಅವನು ಮತ್ತೆಂದೂ ಫೋನು ಮಾಡಲಿಲ್ಲ. ಏನಿದ್ದರೂ ಬಸ್ಸಿನವರ ಕೈಲಿ ಹೇಳಿ ಕಳಿಸುತ್ತಿದ್ದ. ಆದರೂ ದೇವನಹಳ್ಳಿಯಿಂದ ಕರೆ ಬಂದಾಗಲೆಲ್ಲ, ಯಾವ ದನಿಯಲ್ಲಿ ಮಾತಾಡಲಿ ಎಂದು ತೋಚದೆ ಬಾಯಿ ತೆರೆಯುವ ಮೊದಲು ಒಂದು ಗಳಿಗೆ ತಡೆಯುತ್ತಿದ್ದೆ.