ಬ್ರೀದರ್ ಪೈಪಿನ ಹೊಸ ಕ್ಲಿಪ್ಪು

ನಮ್ಮ ಹಳೆಯ ಕಾರು ಮೊದಲು ಮಾನ ಕಳೆದದ್ದು ನ್ಯಾಮತಿಯಲ್ಲಿ. ತಾಲ್ಲೂಕು ಕಚೇರಿಯ ಎದುರು ನಿಲ್ಲಿಸಿ, ಒಳಗೆ ನಡೆಯುತ್ತಿದ್ದ ಸಭೆಯ ಟಿಪ್ಪಣಿ ಮಾಡಿಕೊಂಡು ಹೊರಗೆ ಬಂದರೆ ಅದರ ಸುತ್ತ ಮೂರ್ನಾಲ್ಕು ಜನ ನಿಂತಿದ್ದರು. ಎಂಜಿನ್ನಿನ ಕೆಳಗೆ, ನೆಲದ ಮೇಲೆ, ಊಟದ ತಟ್ಟೆಯಗಲ ಎಣ್ಣೆ ಹರಡಿತ್ತು.

“ಯಾರ್ದ್ರೀ ಗಾಡಿ? ಉಚ್ಚೆ ಹೊಯ್ದೈತೆ ನೋಡ್ರಿ” ಎಂದ ಒಬ್ಬ.

“ವಯಸ್ಸಾಗೈತೆ ಬಿಡಪ್ಪ, ತಡಕೊಳ್ಳಾಕೆ ಆಗಲ್ಲ” ಎಂದ ಇನ್ನೊಬ್ಬ.

ನಾನೂ ಅವರ ಜೊತೆ ನಕ್ಕು ಗಾಡಿ ಹತ್ತಿದೆ. ಸ್ಟಾರ್ಟ್ ಮಾಡಿದಾಗ ಹಿಂದಿನಿಂದ ನೀಲಿ ಹೊಗೆ ಎದ್ದಿತು. ಹೊನ್ನಾಳಿ ದಾಟಿ ಚನ್ನಗಿರಿ ಸೇರುವವರೆಗೂ ಕನ್ನಡಿಯಲ್ಲಿ ಆ ಹೊಗೆಯನ್ನೇ ನೋಡುತ್ತಿದ್ದೆ.

ನಾನು ಚನ್ನಗಿರಿಯಲ್ಲಿದ್ದುಕೊಂಡು ಒಂದು ದಿನಪತ್ರಿಕೆಗೆ ವರದಿ ಮಾಡುವವನು. ಹೊನ್ನಾಳಿ, ನ್ಯಾಮತಿ, ಜಗಳೂರು ಕೂಡ ನನ್ನ ಪಾಲಿಗೇ ಬಂದಿವೆ. ಬಸ್ಸು ನಂಬಿಕೊಂಡು ಈ ಕೆಲಸ ಮಾಡಬಹುದು, ಹಲವು ವರ್ಷ ಮಾಡಿದ್ದೇನೆ. ಆದರೆ ಸಭೆಗಳು ಬಸ್ಸಿನ ವೇಳೆ ನೋಡಿ ಮುಗಿಯುವುದಿಲ್ಲ. ಅದಕ್ಕೇ ಈ ಕಾರು ಕೊಂಡೆ. ಆಗಲೇ ಅದು ಇನ್ನೊಬ್ಬರ ಕೈಯಲ್ಲಿ ಓಡಿದ್ದ ಗಾಡಿ. ಆರಿಸಿ ಕೊಡಿಸಿದವನು ನನ್ನ ಗೆಳೆಯ, ಊರಿನಲ್ಲಿ ಶೆಡ್ ಇಟ್ಟುಕೊಂಡಿರುವ ಮೆಕ್ಯಾನಿಕ್. ಊರೆಲ್ಲ ಅವನನ್ನು ಮೇಸ್ತ್ರಿ ಅನ್ನುತ್ತದೆ, ನಾನೂ ಹಾಗೇ ಕರೆಯುವುದು. ಅವನು ನನ್ನನ್ನು ಪೇಪರ್ ಸಾವ್ಕಾರ ಅನ್ನುತ್ತಾನೆ. ಸಾವ್ಕಾರ ಅನ್ನುವುದೂ ಅದಕ್ಕೊಂದು ‘ರೀ’ ಹಚ್ಚುವುದೂ ಅವನ ತಮಾಷೆ. ಇಪ್ಪತ್ತು ವರ್ಷದ ಸ್ನೇಹ. ಅವನ ಒಬ್ಬಳೇ ಮಗಳನ್ನು ಜಗಳೂರಿಗೆ ಕೊಟ್ಟಾಗ ಮದುಮಗಳು ಕಲ್ಯಾಣ ಮಂಟಪಕ್ಕೆ ಬಂದದ್ದು ನನ್ನ ಕಾರಿನಲ್ಲೇ.

ನ್ಯಾಮತಿಯಿಂದ ಬಂದ ಮರುದಿನ ಗಾಡಿಯನ್ನು ಶೆಡ್ಡಿಗೆ ಒಯ್ದೆ. ಎಂಜಿನ್ ಓಡುತ್ತಿರುವಾಗಲೇ ಮೇಸ್ತ್ರಿ ಎಣ್ಣೆ ಹಾಕುವ ಬಾಯಿಯ ಮುಚ್ಚಳ ಬಿಚ್ಚಿ, ಅದನ್ನು ಮಗುಚಿ ಅದೇ ಬಾಯಿಯ ಮೇಲಿಟ್ಟ. ಮುಚ್ಚಳ ತಟತಟ ಕುಣಿದು ಕೆಳಗೆ ಬಿತ್ತು.

“ನೋಡ್ರಿ ಸಾವ್ಕಾರ್ರೆ, ಹೆಂಗೆ ಕುಣೀತೈತೆ! ಇದಕ್ಕೆ ಬ್ಯಾಕ್ ಕಂಪ್ರೆಷನ್ ಅಂತೀವಿ. ಒಳಗಿನ ಗಾಳಿ ಮೇಲಕ್ಕೆ ನುಗ್ಗತೈತೆ. ಬೋರ್ ಹೋಗೈತೆ.”

“ಹಂಗಂದ್ರೆ?”

“ಹಂಗಂದ್ರೆ ಸಿಲಿಂಡರ್ ಸವೆದೈತೆ, ಎದೆನೇ ಹೋಗೈತೆ. ಮುದುಕನಿಗೆ ಆಪರೇಷನ್ ಮಾಡಿಸ್ತೀರೋ, ಸುಮ್ನೆ ಕಳಿಸ್ಕೊಡ್ತೀರೋ, ನಿಮಗೆ ಬಿಟ್ಟಿದ್ದು. ಎರಡು ದಿನ ಬಿಟ್ಟು ಹೋಗ್ರಿ, ಪೂರ್ತಿ ನೋಡ್ತೀನಿ.”

ಎರಡು ದಿನದ ಮೇಲೆ ಅವನೇ ಗಾಡಿ ಓಡಿಸಿಕೊಂಡು ಮನೆಗೆ ಬಂದ. ಇಡೀ ಎಂಜಿನ್ ನೋಡಿದೆ, ಬೇರೆ ಏನೂ ಇಲ್ಲ, ಬೋರೇ ಅಂದ. ಚಹಾ ಕುಡಿಯುತ್ತಾ, ಆಗ ತಾನೇ ಹೊಳೆಯಿತು ಅನ್ನುವಂತೆ, ಇನ್ನೊಂದು ಮಾತು ಸೇರಿಸಿದ.

“ನಮ್ಮ ಅಳಿಯಂದ್ರು ತಗೋತಾರಂತೆ. ನಾನೇ ನಿಧಾನಕ್ಕೆ ಎಂಜಿನ್ ಬಿಚ್ಚಿ ಕೆಲಸ ಮಾಡ್ಕೊಡ್ತೀನಿ. ಗುಜರಿಗೆ ಹಾಕೋ ಬದ್ಲು ಮನೆಯೋರಿಗೆ ಹೋದ್ರೆ ಚಂದ ಅಲ್ಲೇನ್ರಿ?”

ಚಂದ ಅನಿಸಿತು. ಗುಜರಿಯವನು ಕೊಡುವಷ್ಟಕ್ಕೇ ಒಪ್ಪಿದೆ. ಎಂಜಿನ್ ಸತ್ತ ಗಾಡಿಗೆ ಹೆಚ್ಚು ಕೇಳಲು ನನಗೂ ಮನಸ್ಸಾಗಲಿಲ್ಲ. ನಮ್ಮ ಕಡೆ ದನವಾಗಲಿ ಗಾಡಿಯಾಗಲಿ, ಕಾಗದಪತ್ರ ಆಮೇಲೆ, ಮೊದಲು ಎಲೆ-ಅಡಿಕೆ. ಅದನ್ನು ಕೈಗೆ ತಗೊಂಡು ಮಾತು ತಿರುಗಿಸಿದವನನ್ನು ಊರು ಮರೆಯುವುದಿಲ್ಲ. ನಾನು ತಗೊಂಡೆ. ಭಾನುವಾರ ಬೆಳಗ್ಗೆ ಶೆಡ್ಡಿನಲ್ಲಿ ಗಾಡಿ ಒಪ್ಪಿಸುವುದೆಂದು ಮಾತಾಯಿತು.

ಈಗ ನನ್ನ ತಪ್ಪನ್ನು ಬರೆಯಬೇಕು. ನಾನು ಈ ವೃತ್ತಿಗೆ ಬಂದಾಗ ಕಲಿತ ಮೊದಲ ಪಾಠ, ಒಬ್ಬ ಹೇಳಿದ್ದು ಸುದ್ದಿಯಲ್ಲ ಎಂಬುದು. ಕೆರೆ ಕೋಡಿ ಬಿತ್ತು ಎಂದು ಊರ ಗೌಡರೇ ಫೋನ್ ಮಾಡಿದರೂ ಇನ್ನೊಬ್ಬರನ್ನು ಕೇಳಿಯೇ ಬರೆದಿದ್ದೇನೆ. ಆದರೆ ಕಾರಿನ ವಿಷಯದಲ್ಲಿ ಒಬ್ಬನನ್ನೇ ಕೇಳಿದೆ. ಅದಕ್ಕೆ ಕಾರಣವೂ ಇದೆ. ನಮ್ಮಂಥ ಊರಿನಲ್ಲಿ ಒಬ್ಬ ಮೇಸ್ತ್ರಿಯ ಕೈಗೆ ಬಿದ್ದ ಗಾಡಿಯನ್ನು ಇನ್ನೊಬ್ಬನಿಗೆ ತೋರಿಸುವಂತಿಲ್ಲ. ಬೆಳಗ್ಗೆ ಬೇರೆ ಶೆಡ್ಡಿನ ಮುಂದೆ ಬಾನೆಟ್ ಎತ್ತಿದರೆ ಮಧ್ಯಾಹ್ನದೊಳಗೆ ಮೊದಲಿನವನಿಗೆ ಸುದ್ದಿ ಮುಟ್ಟಿರುತ್ತದೆ, ಅದು ಅವನ ಮುಖಕ್ಕೆ ಹೊಡೆದಂತೆ. ಹಾಗಾಗಿ ಸುಮ್ಮನಿದ್ದೆ.

ಶನಿವಾರ ಬೆಳಗ್ಗೆ ನನ್ನ ಹೆಂಡತಿ ಅಂಗಳಕ್ಕೆ ಬಂದು ಕಾರಿನ ಬಾನೆಟ್ ಎತ್ತಿಸಿ ನೋಡಿದಳು.

“ಹಿಂಗೇ ಕೊಡ್ತೀರೇನ್ರಿ? ದನ ಮಾರಾಕೆ ಹೊಂಟ್ರೂ ಮೈ ತೊಳೆದು ಹೊಡ್ಕೊಂಡು ಹೋಗ್ತಾರೆ. ಮೇಸ್ತ್ರಿ ಮಗಳು ಕೂಸು ಕಟ್ಕೊಂಡು ಈ ಜಿಡ್ಡಿನಾಗೆ ಕೂರಬೇಕಾ?”

ಅದು ನ್ಯಾಯವಾದ ಮಾತು. ಹಳೆಯ ಬಣ್ಣದ ಡಬ್ಬಿಗೆ ಡೀಸೆಲ್ ಸುರಿದುಕೊಂಡು, ಹರಿದ ಬನಿಯನ್ ತುಂಡುಗಳನ್ನು ಅದ್ದಿ ಎಂಜಿನ್ ಒರೆಸಲು ಕೂತೆ. ಮೇಲ್ಭಾಗದ ಕವರ್‌ನಿಂದ ಏರ್ ಫಿಲ್ಟರಿನ ಡಬ್ಬಿಯವರೆಗೆ ಹೆಬ್ಬೆರಳು ದಪ್ಪದ ಒಂದು ರಬ್ಬರ್ ಪೈಪು ಹೋಗಿತ್ತು. ಅದನ್ನು ಹಿಸುಕಿದರೆ ರಬ್ಬರಿನಂತೆ ಬಾಗಲಿಲ್ಲ, ಒಣಗಿದ ಕಬ್ಬಿನ ಹಾಗೆ ಗಟ್ಟಿಯಾಗಿತ್ತು. ಬಿಚ್ಚಿ ತೊಳೆದುಬಿಡೋಣ ಅನಿಸಿತು. ಮರಳಿ ಹೇಗೆ ಕೂರಿಸಬೇಕೆಂದು ಮರೆಯಬಾರದೆಂದು, ಬಿಚ್ಚುವ ಮೊದಲೊಮ್ಮೆ, ಬಿಚ್ಚಿದ ಮೇಲೆ ಅದರ ಬಾಯಿಯದೊಮ್ಮೆ, ಮೊಬೈಲಿನಲ್ಲಿ ಫೋಟೊ ತೆಗೆದೆ. ಎಲ್ಲಿಗೆ ಹೋದರೂ ಮೊದಲು ಫೋಟೊ ತೆಗೆಯುವುದು ನನ್ನ ಕಸುಬಿನ ಚಟ.

ಪೈಪಿನ ಒಳಗೆ ಅಡಿಕೆ ಬೇಯಿಸಿದ ಹಂಡೆಯ ತಳದ ಚೊಗರಿನಂತೆ ಕಪ್ಪು ಜಿಗುಟು ಗಟ್ಟಿಯಾಗಿ ಕೂತಿತ್ತು. ಒಂದು ತುದಿ ಒರೆಸಿ, ಬಾಯಿಗಿಟ್ಟು ಊದಿದೆ. ಕೆನ್ನೆ ಉಬ್ಬಿತೇ ಹೊರತು ಗಾಳಿ ಆ ಕಡೆ ಹೋಗಲಿಲ್ಲ.

“ಪುಂಗಿ ಊದ್ತೀರೇನ್ರಿ? ಹಾವು ಬಂದಾತು” ಎಂದಳು ಹೆಂಡತಿ. “ಏನ್ ಪೈಪು ಅದು?”

“ಬ್ರೀದರ್. ಎಂಜಿನ್ ಒಳಗಿನ ಆವಿ ಹೊರಗೆ ಹೋಗೋ ದಾರಿ. ಉಸಿರಾಡೋ ಮೂಗು ಅನ್ನು.”

“ಮೂಗು ಕಟ್ಟಿದ್ರೆ?”

ನಾನು ಉತ್ತರ ಕೊಡುವ ಮೊದಲೇ ಅವಳು ಮುಂದುವರಿಸಿದಳು. “ನಮ್ಮ ಕುಕ್ಕರ್ ನೋಡಿಲ್ಲೇನ್ರಿ? ಸೀಟಿ ತೂತಿಗೆ ಬೇಳೆ ಸಿಕ್ಕಿದ್ರೆ ಸುತ್ತ ಅಂಚಿನಿಂದೆಲ್ಲ ನೀರು ಕಾರ್ತೈತೆ. ತೂತು ಚುಚ್ಚಿದ್ರೆ ಸರಿ ಹೋಗ್ತೈತೆ. ಕುಕ್ಕರ್ ಸತ್ತೋಯ್ತು ಅಂತ ಗುಜರಿಗೆ ಹಾಕ್ತೀವೇನು?”

ನಾನು ಪೈಪು ಕೈಯಲ್ಲಿ ಹಿಡಿದುಕೊಂಡೇ ನಿಂತೆ. ಆವಿಗೆ ದಾರಿ ಇಲ್ಲದಿದ್ದರೆ ಅದು ಎಣ್ಣೆಯನ್ನು ಸಂದಿಸಂದಿಯಿಂದ ಹೊರಗೆ ದಬ್ಬಲೇಬೇಕು. ಮುಚ್ಚಳ ಕುಣಿಯಲೇಬೇಕು. ಹೊಗೆಯೂ ಬಂದೀತು. ಬೋರ್ ಹೋಗಿದ್ದರೆ ಕಾಣುವುದೆಲ್ಲ ಬ್ರೀದರ್ ಕಟ್ಟಿದರೂ ಕಾಣುತ್ತದೆ.

ಆಮೇಲಿನ ಎರಡು ಗಂಟೆ ಅದೇ ಕೆಲಸ. ಪೈಪನ್ನು ಡೀಸೆಲ್ಲಿನಲ್ಲಿ ನೆನೆಹಾಕಿ, ತೆಂಗಿನ ಕಡ್ಡಿಗಳನ್ನು ಕಂತೆ ಕಟ್ಟಿ ಒಳಗೆ ತೂರಿಸಿ ತಿರುಗಿಸಿದೆ. ಜಿಗುಟು ಹುಳದಂತೆ ಉದ್ದುದ್ದಕ್ಕೆ ಹೊರಬಂತು. ಪೈಪು ಕೂರುವ ಕಬ್ಬಿಣದ ಮೂತಿಯೊಳಗೆ ಒಂದು ತಂತಿ ಜಾಲರಿ ಇತ್ತು. ಕೊಳೆ ಎಂಜಿನ್ನಿನೊಳಗೆ ಬೀಳದಂತೆ ಬಟ್ಟೆ ಒಡ್ಡಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅದನ್ನೂ ತಿಕ್ಕಿದೆ. ಕೊನೆಗೆ ಸೋಪಿನ ನೀರಲ್ಲಿ ಪೈಪು ತೊಳೆದು ಬಿಸಿಲಿಗೆ ಇಟ್ಟೆ. ಒಣಗಿದ ಮೇಲೆ ಊದಿದರೆ ಗಾಳಿ ಸರಾಗವಾಗಿ ಹೋಯಿತು.

ಮರಳಿ ಕೂರಿಸುವಾಗ ಫೋಟೊ ನೋಡಿದೆ. ಪೈಪಿನ ಎರಡು ತುದಿಗೆ ಎರಡು ಕ್ಲಿಪ್ಪು. ಫಿಲ್ಟರಿನ ಕಡೆಯದು ತುಕ್ಕು ಹಿಡಿದ ಹಳೆಯ ಕ್ಲಿಪ್ಪು. ಎಂಜಿನ್ನಿನ ಕಡೆಯದು ಹೊಚ್ಚ ಹೊಸದು, ಫಳಫಳ ಹೊಳೆಯುತ್ತಿತ್ತು. ಅದರ ಸ್ಕ್ರೂವಿನ ತಲೆ ಎಡಕ್ಕೆ ತಿರುಗಿತ್ತು. ಮೇಸ್ತ್ರಿ ಎಡಗೈಯವನು, ಅವನು ಹಾಕಿದ ಕ್ಲಿಪ್ಪುಗಳೆಲ್ಲ ಹಾಗೇ ತಿರುಗಿರುತ್ತವೆ. ಎರಡನೆಯ ಫೋಟೊವನ್ನು ದೊಡ್ಡದು ಮಾಡಿದೆ. ಪೈಪಿನ ಬಾಯಲ್ಲಿದ್ದ ಕಪ್ಪು ಜಿಗುಟಿನ ಮೇಲೆ ಸ್ಕ್ರೂಡ್ರೈವರ್ ತುದಿ ಕೆರೆದ ಗೀರು ಸ್ಪಷ್ಟವಾಗಿತ್ತು. ಆ ಫೋಟೊ ತೆಗೆದಾಗ ನಾನು ಒಳಗೆ ಏನನ್ನೂ ತೂರಿಸಿರಲಿಲ್ಲ.

ಎಂಜಿನ್ ಚಾಲೂ ಮಾಡಿ, ಎಣ್ಣೆಯ ಮುಚ್ಚಳವನ್ನು ಮಗುಚಿ ಬಾಯಿಯ ಮೇಲಿಟ್ಟೆ. ಅದು ಸಣ್ಣಗೆ ನಡುಗಿತು, ಕುಣಿಯಲಿಲ್ಲ, ಬೀಳಲಿಲ್ಲ.

“ಮೇಸ್ತ್ರಿ ಇದನ್ನ ನೋಡಿದ್ರಾ ಹಂಗಾದ್ರೆ?” ಎಂದಳು ಹೆಂಡತಿ.

“ಬಿಚ್ಚಿ, ಕೆರೆದು ನೋಡಿ, ಮತ್ತೆ ಹಂಗೇ ಮುಚ್ಚಿದಾನೆ.”

“ಮೊದ್ಲು ಕೇಳ್ರಿ. ಕಳ್ಳನ ಮಾತೂ ಕೇಳ್ದೆ ಬರಿಯಲ್ಲ ಅಂತೀರಲ್ಲ ನೀವು.”

ಮಧ್ಯಾಹ್ನ ಬಸವಾಪಟ್ಟಣದ ಮೇಲೆ ಹೊನ್ನಾಳಿಗೆ ಹೋಗಿ ಬಂದೆ. ಅಲ್ಲಿ ಹೊಳೆ ದಂಡೆಯಲ್ಲಿ ನಿಲ್ಲಿಸಿ ಬಗ್ಗಿ ನೋಡಿದರೆ ನೆಲ ಒಣಗಿಯೇ ಇತ್ತು. ಹೊಗೆ ಮೊದಲ ಅರ್ಧ ದಾರಿ ಬಂದು ಆಮೇಲೆ ನಿಂತಿತ್ತು. ಗಾಡಿ ಗೆದ್ದ ಸಂತೋಷ ನನಗಾಗಲಿಲ್ಲ. ಬೋರ್ ಹೋಗಿದ್ದರೇ ಒಳ್ಳೆಯದಿತ್ತು ಅನ್ನಿಸಿತು.

ಭಾನುವಾರ ಬೆಳಗ್ಗೆ ಶೆಡ್ಡಿನಲ್ಲಿ ಅವನೊಬ್ಬನೇ ಇದ್ದ. ಅಳಿಯ ಇನ್ನೂ ಜಗಳೂರಿನಿಂದ ಬರಬೇಕಿತ್ತು. ನಾನು ಮಾತಾಡದೆ ಬಾನೆಟ್ ಎತ್ತಿ, ಓಡುತ್ತಿದ್ದ ಎಂಜಿನ್ನಿನ ಮೇಲೆ ಮುಚ್ಚಳ ಮಗುಚಿಟ್ಟೆ. ಅವನು ಮುಚ್ಚಳ ನೋಡಿದ, ನನ್ನನ್ನು ನೋಡಲಿಲ್ಲ.

“ಪೈಪ್ ಬಿಚ್ಚಿದ್ರೇನು?” ಎಂದ. ಏನು ಮಾಡಿದಿರಿ ಎಂದು ಕೇಳಲಿಲ್ಲ.

“ಕ್ಲಿಪ್ಪು ನಿಂದೇ ಅಲ್ಲೇನೋ?”

ಅವನು ಬಟ್ಟೆ ತಗೊಂಡು ಕೈ ಒರೆಸಿಕೊಳ್ಳತೊಡಗಿದ. ಅವನ ಕೈಗೆ ಇನ್ನೂ ಏನೂ ಅಂಟಿರಲಿಲ್ಲ.

“ಮಗಳು ಕೂಸನ್ನ ಬಗಲಾಗೆ ಇಟ್ಕೊಂಡು ಬಸ್ಸಿನಾಗೆ ನಿಂತ್ಕೊಂಡು ಬರ್ತಾಳೆ, ಸಾವ್ಕಾರ್ರೆ. ಒಂದು ಗಾಡಿ ನೋಡ್ರಿ ಅಂತ ಅಳಿಯಂದ್ರು ವರ್ಷದಿಂದ ಹೇಳ್ತಿದ್ರು. ಇದರಷ್ಟು ನಂಬಿಗಸ್ತ ಗಾಡಿ ನಾನೆಲ್ಲಿಂದ ತರ್ಲಿ? ಇದರ ಒಳಗೆ ಹೊರಗೆ ಎಲ್ಲಾ ನಂಗೆ ಗೊತ್ತು.”

“ಕೇಳ್ಬೇಕಿತ್ತು.”

“ಕೇಳಿದ್ರೆ ಕೊಡ್ತಿದ್ರಾ?”

ಕೊಡ್ತಿದ್ದೆ ಅಂದೆ. ಅದು ನಿಜವೋ ಅಲ್ಲವೋ ನನಗೆ ಈಗಲೂ ಗೊತ್ತಿಲ್ಲ. ಅವನು ಕೇಳಲಿಲ್ಲವಾದ್ದರಿಂದ ಗೊತ್ತಾಗುವ ದಾರಿಯೂ ಉಳಿಯಲಿಲ್ಲ.

ಅಷ್ಟರಲ್ಲಿ ಅಳಿಯ ಬಂದ. ಕೈಯಲ್ಲಿ ಒಂದು ಚೀಲ. ಅದರಿಂದ ಚೆಂಡು ಹೂವಿನ ಹಾರ ಇಣುಕುತ್ತಿತ್ತು. ಗಾಲಿಗಳ ಕೆಳಗಿಡಲು ನಾಲ್ಕು ನಿಂಬೆಹಣ್ಣನ್ನೂ ತಂದಿದ್ದ. “ನಮಸ್ಕಾರ್ರಿ, ತಡ ಆತು, ಬಸ್ಸಿನಾಗೆ ಕಾಲಿಡಾಕೆ ಜಾಗ ಇರ್ಲಿಲ್ಲ” ಎಂದು ನಕ್ಕ.

“ಗಾಡಿ ಕೊಡಲ್ಲಪ್ಪ. ಕ್ಷಮಿಸು” ಎಂದೆ.

ಅವನು ಮಾವನ ಮುಖ ನೋಡಿದ. ನಾನೂ ನೋಡಿದೆ. ಕಾರಣ ನಾನು ಹೇಳುವಂತಿರಲಿಲ್ಲ. ಅಳಿಯನ ಎದುರು ಮಾವನನ್ನು ಸುಳ್ಳುಗಾರ ಮಾಡಿದರೆ ಅದರ ಬಿಸಿ ತಗಲುವುದು ಜಗಳೂರಿನಲ್ಲಿರುವ ಆ ಹುಡುಗಿಗೆ. ಹೇಳಬೇಕಾದವನು ಮೇಸ್ತ್ರಿ. ಪೂರ್ತಿ ಹೇಳಬೇಕೆಂದೂ ಇರಲಿಲ್ಲ. ನನ್ನ ಲೆಕ್ಕ ತಪ್ಪಿತು, ಎಂಜಿನ್ ಚೆನ್ನಾಗೈತೆ ಅಂದಿದ್ದರೆ ಸಾಕಿತ್ತು, ಅವನ ಮಾನವೂ ಉಳಿಯುತ್ತಿತ್ತು, ನನ್ನದೂ.

“ಬಿಡ್ರಿ ಅಳಿಯಂದ್ರೆ” ಎಂದ ಅವನು, ನಿಂಬೆಹಣ್ಣಿನ ಚೀಲವನ್ನು ಅಳಿಯನ ಕೈಯಿಂದ ತಗೊಳ್ಳುತ್ತಾ. “ಪೇಪರ್ನೋರ ಮಾತು. ಬೆಳಗ್ಗೆ ಒಂದು, ಸಂಜೆ ಒಂದು.”

ಪೈಪನ್ನು ಮುಚ್ಚಿಟ್ಟದ್ದನ್ನು ನಾನು ಮಗಳ ಮೇಲಿನ ಆಸೆ ಎಂದು ಎಂದಾದರೂ ಕ್ಷಮಿಸುತ್ತಿದ್ದೆನೇನೋ. ಈ ಮಾತನ್ನು ಇನ್ನೂ ಕ್ಷಮಿಸಿಲ್ಲ.

ವಾರದೊಳಗೆ ಊರಿಗೆ ಗೊತ್ತಾಯಿತು. ನಾನು ದಿನವೂ ಕೂರುವ ಹೋಟೆಲಿನಲ್ಲಿ, ನನ್ನ ಬೆನ್ನ ಹಿಂದಿನ ಬೆಂಚಿನಿಂದ ಕೇಳಿಸಿತು: “ಎಲೆ-ಅಡಿಕೆ ತಗೊಂಡೋರು ನುಂಗಬೇಕಪ್ಪ, ಉಗುಳಿಬಿಟ್ರಂತೆ.” ನಗು ಎದ್ದಿತು. ನಾನು ಚಹಾ ಮುಗಿಸಿಯೇ ಎದ್ದೆ.

“ಫೋಟೊ ಐತಲ್ರೀ, ತೋರಿಸ್ರಿ ಜನಕ್ಕೆ” ಎಂದು ಹೆಂಡತಿ ಹಲವು ಸಲ ಹೇಳಿದ್ದಾಳೆ. ಒಂದು ಕ್ಲಿಪ್ಪು, ಒಂದು ಗೀರು, ಇಬ್ಬರೇ ಇದ್ದಾಗ ಆಡಿದ ನಾಲ್ಕು ಮಾತು. ಇಷ್ಟನ್ನು ಸುದ್ದಿ ಎಂದು ಯಾರಾದರೂ ನನಗೆ ತಂದುಕೊಟ್ಟಿದ್ದರೆ ನಾನೇ ವಾಪಸ್ ಕಳಿಸುತ್ತಿದ್ದೆ. ಎರಡನೆಯ ಬಾಯಿ ಬೇಕು, ಅದು ಮೇಸ್ತ್ರಿಯದೇ ಆಗಬೇಕು. ನನ್ನೊಬ್ಬನೆದುರು ಬಿಟ್ಟರೆ ಬೇರೆ ಯಾರ ಎದುರೂ ಅದು ತೆರೆಯಲಿಲ್ಲ.

ಕಾರು ನನ್ನ ಬಳಿಯೇ ಇದೆ. ಬೇರೆ ಯಾವ ಶೆಡ್ಡಿಗೂ ಒಯ್ದಿಲ್ಲ. ಆಗಾಗ ನಾನೇ ಬ್ರೀದರ್ ಪೈಪು ಬಿಚ್ಚಿ ತೊಳೆಯುತ್ತೇನೆ. ಆ ಹೊಸ ಕ್ಲಿಪ್ಪನ್ನೇ ಮತ್ತೆ ಹಾಕುತ್ತೇನೆ. ಈಗ ಅದರ ಸ್ಕ್ರೂ ಬಲಕ್ಕೆ ತಿರುಗಿರುತ್ತದೆ.

ಕಳೆದ ತಿಂಗಳು ಜಗಳೂರಿನಲ್ಲಿ ಕೆಲಸ ಮುಗಿಸಿ ಹೊರಟಾಗ ಬಸ್ ನಿಲ್ದಾಣದ ಬಳಿ ಮೇಸ್ತ್ರಿಯ ಮಗಳು ನಿಂತಿದ್ದಳು. ಬಗಲಲ್ಲಿ ಮಗು, ಕಾಲ ಬಳಿ ಎರಡು ಚೀಲ. ತವರಿಗೆ ಹೊರಟಿದ್ದಳೆಂದು ಕಾಣುತ್ತಿತ್ತು. ನಾನೂ ಚನ್ನಗಿರಿಗೇ ಹೊರಟವನು. ಕಾರು ನಿಲ್ಲಿಸಿ, ಹಿಂದಿನ ಬಾಗಿಲು ತೆಗೆದೆ.

“ಬಾರವ್ವ, ಊರಿಗೇ ಹೊಂಟೀನಿ.”

ಚಿಕ್ಕಂದಿನಿಂದ ನನ್ನನ್ನು ಕಾಕಾ ಅನ್ನುತ್ತಿದ್ದ ಹುಡುಗಿ. ಕಾರಿನತ್ತ ಒಮ್ಮೆ ನೋಡಿ, ಮಗುವನ್ನು ಇನ್ನೊಂದು ಬಗಲಿಗೆ ಹಾಕಿಕೊಂಡಳು.

“ಬ್ಯಾಡ್ರಿ. ಬಸ್ಸು ಬರ್ತೈತೆ.”

ಕಾಕಾ ಅನ್ನಲಿಲ್ಲ. ಮಗು ಕಾರಿನ ಕಡೆ ಕೈ ಚಾಚುತ್ತಿತ್ತು. ಅವಳಿಗೆ ಹೇಳಬಹುದಾದ ಮಾತು ನನ್ನಲ್ಲಿ ಒಂದೇ ಇತ್ತು, ಅದು ಅವಳ ಅಪ್ಪನ ವಿಷಯ. ನಾನು ಬಾಗಿಲು ಹಾಕಿ ಗಾಡಿ ಹತ್ತಿದೆ. ಕನ್ನಡಿಯಲ್ಲಿ ಹೊಗೆ ಇರಲಿಲ್ಲ. ಅದಕ್ಕೇ ಅವಳು ಬಹಳ ದೂರದವರೆಗೂ ಕಾಣುತ್ತಿದ್ದಳು.